ಚಿಕ್ಕಪ್ಪನ ಹಾವುಗೆ, ಕೆಂಪು ತಂತಿ

ಗೋಡೆಯ ಗಡಿಯಾರ ಎಂಟು ಹೊಡೆದು ನಿಂತಿತು. ಅಂದರೆ ಆಗ ಗಂಟೆ ಏಳು. ಚಿಕ್ಕಪ್ಪ ರಿಪೇರಿ ಮಾಡಿದ ದಿನದಿಂದ ನಮ್ಮ ಮನೆಯ ಗಡಿಯಾರ ಮುಳ್ಳು ತೋರಿಸುವುದಕ್ಕಿಂತ ಒಂದು ಗಂಟೆ ಹೆಚ್ಚಾಗಿಯೇ ಹೊಡೆಯುತ್ತಿತ್ತು. ಕಿವಿಗೆ ಬಿದ್ದದ್ದರಲ್ಲಿ ಒಂದು ಕಳೆಯುವುದು ಮನೆಯವರಿಗೆಲ್ಲ ಉಸಿರಾಟದಷ್ಟು ಸಲೀಸಾಗಿಬಿಟ್ಟಿತ್ತು. ಆ ಭಾನುವಾರ ಬೆಳಿಗ್ಗೆ ಸರಿಯಾಗಿ ಏಳಕ್ಕೆ ಚಿಕ್ಕಪ್ಪ ಬಚ್ಚಲಮನೆಯ ಬಾಗಿಲ ಪಕ್ಕದ ಸ್ವಿಚ್ಚು ಒತ್ತಿದರು. ಏಳು ಗಂಟೆ ಹತ್ತು ನಿಮಿಷಕ್ಕೆ ಚಿಕ್ಕಮ್ಮ ಒದ್ದೆ ಕಲ್ಲಿನ ಮೇಲೆ ಬಿದ್ದಿದ್ದಳು. ಆ ಹತ್ತು ನಿಮಿಷವನ್ನು ನಾನು ಇವತ್ತಿಗೂ ತಿರುಗಿಸಿ ಮುರುಗಿಸಿ ನೋಡುತ್ತಲೇ ಇದ್ದೇನೆ. ನೋಡಿದಷ್ಟೂ ಸಲ ಭಯಕ್ಕಿಂತ ಮೊದಲು ಬರುವುದು ಸಿಟ್ಟು.

ಚಿಕ್ಕಪ್ಪ ಗುರುಶಾಂತಪ್ಪನವರು ಬಳೇಪೇಟೆಯಲ್ಲಿ ಹಗ್ಗ, ಹುರಿ, ಗೋಣಿಚೀಲಗಳ ಸಗಟು ಅಂಗಡಿ ಇಟ್ಟಿದ್ದರು. ಮನೆ ಚಾಮರಾಜಪೇಟೆಯಲ್ಲಿ. ನನ್ನ ಅಪ್ಪನದು ತಿಪಟೂರಿನಲ್ಲಿ ಕೊಬ್ಬರಿ ಮಂಡಿ. ಇಂಟರ್‌ಮೀಡಿಯೆಟ್ ಮುಗಿಸಿ ಬಿ.ಎಸ್ಸಿ. ಓದಲೆಂದು ನಾನು ಚಿಕ್ಕಪ್ಪನ ಮನೆಗೆ ಬಂದಿದ್ದೆ. ಅವರಿಗೆ ಮಕ್ಕಳಿರಲಿಲ್ಲ. ನೆಂಟರೆಲ್ಲ ಸೇರಿ "ಹೆಣ್ಣುಹುಡುಗೀಗೆ ಸೈನ್ಸ್ ಯಾತಕ್ಕೆ?" ಎಂದು ಅಪ್ಪನನ್ನು ಅಡ್ಡಗಟ್ಟಿದಾಗ ಎದುರು ನಿಂತವರು ಚಿಕ್ಕಪ್ಪನೇ. "ನಮ್ಮನೇಲಿ ಕರೆಂಟಿದೆ, ರೇಡಿಯೋ ಇದೆ. ಅದರ ಹೊಟ್ಟೇಲಿ ಏನಿದೆ ಅಂತ ತಿಳಿದೋರು ಮನೇಲಿ ಒಬ್ಬರಾದ್ರೂ ಬೇಡ್ವಾ?" ಎಂದಿದ್ದರು. ಈ ಮಾತನ್ನು ನೆನಪಿನಲ್ಲಿಡಿ. ನಾನಂತೂ ಮರೆತಿಲ್ಲ.

ನೋಡಲು ಗಿಡ್ಡ ಆಳು, ದುಂಡು ಮುಖ, ಹಣೆಯ ಮೇಲೆ ಮೂರು ಬೆರಳಿನ ವಿಭೂತಿ. ಮನೆಯೊಳಗೆ ಯಾವಾಗಲೂ ಮರದ ಹಾವುಗೆ ಮೆಟ್ಟಿಕೊಂಡೇ ಓಡಾಡುತ್ತಿದ್ದರು. ಅವರಪ್ಪನಿಂದ ಬಂದದ್ದು, ಹೊನ್ನೆ ಮರದ್ದು, ಎಣ್ಣೆ ಕುಡಿದು ಕಪ್ಪಗಾದದ್ದು, ಹೆಬ್ಬೆರಳಿಗೆ ಸಿಕ್ಕಿಸುವ ಗುಂಡಿ ಸವೆದು ಹೊಳೆಯುತ್ತಿತ್ತು. ಪೂಜೆಯ ಕೋಣೆಯ ಹೊಸ್ತಿಲಲ್ಲಿ ಮಾತ್ರ ಬಿಡುವರು. ಟಕ್ ಟಕ್ ಎಂಬ ಆ ಸದ್ದಿನಿಂದಲೇ ಅವರು ನಡುಮನೆಯಲ್ಲಿದ್ದಾರೋ ಹಿತ್ತಲಿನಲ್ಲಿದ್ದಾರೋ, ಮನಸ್ಸು ಸರಿಯಾಗಿದೆಯೋ ಇಲ್ಲವೋ ಎಂದು ಚಿಕ್ಕಮ್ಮ ಒಲೆಯ ಮುಂದೆ ಕೂತೇ ಹೇಳಿಬಿಡುತ್ತಿದ್ದಳು.

ಅಂಗಡಿ ಅವರ ಹೊಟ್ಟೆಪಾಡು. ಜೀವ ಇದ್ದದ್ದು ಮಾತ್ರ ಸ್ಕ್ರೂಡ್ರೈವರಿನಲ್ಲಿ. ಸೀಮೆಎಣ್ಣೆ ಸ್ಟೌ, ಹೊಲಿಗೆ ಮಿಷಿನ್ನು, ಪಕ್ಕದ ಮನೆಯವರ ಸೈಕಲ್ ಡೈನಮೋ, ಏನೇ ಕೆಟ್ಟರೂ ಚಿಕ್ಕಪ್ಪನ ಮುಂದೆ ಬಂದು ಕೂರುತ್ತಿತ್ತು. "ಮನುಷ್ಯ ಮಾಡಿದ್ದು ತಾನೆ? ಮನುಷ್ಯ ಬಿಚ್ಚಬಹುದು" ಎಂದು ಶುರುಮಾಡುವರು. ಬಿಚ್ಚುವುದೇನೋ ಬಿಚ್ಚುವರು. ತಿರುಗಿ ಜೋಡಿಸಿದ ಮೇಲೆ ಮೂರೋ ನಾಲ್ಕೋ ಸ್ಕ್ರೂ ಉಳಿದೇ ಉಳಿಯುತ್ತಿತ್ತು. ಅವನ್ನೆಲ್ಲ ಒಂದು ಬಿಸ್ಕತ್ತಿನ ಡಬ್ಬದಲ್ಲಿ ಹಾಕಿಡುವರು.

"ಇದೇನ್ರೀ, ಇಷ್ಟೊಂದು ಉಳಿದಿದೆ?" ಎಂದು ಚಿಕ್ಕಮ್ಮ ಕೇಳಿದರೆ, "ಕಂಪನಿಯವರು ಧಾರಾಳಿಗಳು ಕಣೇ, ನಾಕು ಜಾಸ್ತಿನೇ ಹಾಕಿರ್ತಾರೆ" ಎನ್ನುವರು.

"ನಿಮ್ಮ ತಲೆಗೂ ಹಾಗೇ ನಾಕು ಜಾಸ್ತಿ ಹಾಕಿದ್ರೆ ಚೆನ್ನಾಗಿತ್ತು" ಎನ್ನುವಳು ಅವಳು.

ಕರೆಂಟಿನ ವಿಷಯದಲ್ಲಂತೂ ಅವರ ಜಂಭಕ್ಕೆ ಮಿತಿಯೇ ಇರಲಿಲ್ಲ. ಯಾವ ತಂತಿಯಲ್ಲಿ ಕರೆಂಟು ಇದೆ, ಯಾವುದರಲ್ಲಿ ಇಲ್ಲ ಎನ್ನುವುದನ್ನು ಬೆರಳ ಹಿಂಭಾಗದಿಂದ ತಟ್ಟಿ ನೋಡಿ ಹೇಳುತ್ತಿದ್ದರು. "ನನಗೆ ಇದುವರೆಗೆ ಒಂದ್ಸಲನೂ ಹೊಡೆದಿಲ್ಲ. ಕರೆಂಟಿಗೂ ನನಗೂ ಸ್ನೇಹ" ಎನ್ನುವರು. ಬೀದಿಯವರು ಬಾಯಿ ಬಿಟ್ಟುಕೊಂಡು ಕೇಳುವರು. ಒಂದು ಸಲ ನಾನು, "ಚಿಕ್ಕಪ್ಪ, ಅದು ನಿಮ್ಮ ಹಾವುಗೆಯಿಂದ. ಒಣಮರದ ಮೂಲಕ ಕರೆಂಟು ನೆಲಕ್ಕೆ ಇಳಿಯಲ್ಲ" ಎಂದೆ. "ಓಹೋ, ನಮ್ಮಪ್ಪನ ಹಾವುಗೆಗೆ ಅಷ್ಟು ಶಕ್ತಿ ಇದೆ ಅನ್ನು!" ಎಂದು ನಕ್ಕು, ಆ ಮಾತನ್ನೂ ತಮ್ಮ ಹೆಗ್ಗಳಿಕೆಯ ಕಡೆಗೇ ಜಮಾ ಮಾಡಿಕೊಂಡರು.

ಬಟ್ಟೆ ಒಗೆಯುವ ಮಿಷಿನ್ನು ನಮ್ಮ ಮನೆಗೆ ಬಂದದ್ದು ಚಿಕ್ಕಮ್ಮನ ಕೈಗಳಿಂದಾಗಿ. ಚಳಿಗಾಲ ಬಂತೆಂದರೆ ಸೋಪಿನ ಖಾರಕ್ಕೆ ಅವಳ ಅಂಗೈಗಳು ಬಿರಿದು ರಕ್ತ ಒಸರುತ್ತಿತ್ತು. ರೊಟ್ಟಿ ತಟ್ಟುವಾಗ ತುಟಿ ಕಚ್ಚಿಕೊಳ್ಳುವಳು. ಒಂದು ದಿನ ಊಟಕ್ಕೆ ಬಡಿಸುವಾಗ ಅವಳು ಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದನ್ನು ಚಿಕ್ಕಪ್ಪ ನೋಡಿದರು. ಎರಡು ವಾರ ಕಳೆದ ಮೇಲೆ ಕಂಟೋನ್ಮೆಂಟಿನ ಹರಾಜಿನಿಂದ ಒಂದು ತಳ್ಳುಗಾಡಿ ನಮ್ಮ ಬಾಗಿಲಿಗೆ ಬಂತು. ಅದರ ಮೇಲೆ ಹಗ್ಗದಲ್ಲಿ ಬಿಗಿದು ಕಟ್ಟಿದ ಒಂದು ಕಬ್ಬಿಣದ ಡ್ರಮ್ಮು. ಕೆಳಗೆ ರಬ್ಬರಿನ ನಾಲ್ಕು ಚಕ್ರ, ಮೇಲೆ ಬಟ್ಟೆ ಹಿಂಡಲು ಎರಡು ಉರುಳೆ. ಊರಿಗೆ ವಾಪಸು ಹೋಗುತ್ತಿದ್ದ ಯಾರೋ ಜರ್ಮನ್ ಸಂಸಾರದವರು ಬಿಟ್ಟುಹೋಗಿದ್ದು. ತಿರುಗುತ್ತಿರಲಿಲ್ಲ. ತಿರುಗದೆ ಇದ್ದದ್ದಕ್ಕೇ ಚಿಕ್ಕಪ್ಪನಿಗೆ ಅದರ ಮೇಲೆ ಅಷ್ಟು ಪ್ರೀತಿ.

"ನೀಲಾ, ಇನ್ನು ಮೇಲೆ ನೀನು ಕೈ ಒದ್ದೆ ಮಾಡ್ಕೊಳ್ಳೋ ಹಾಗಿಲ್ಲ" ಎಂದರು ಚಿಕ್ಕಮ್ಮನಿಗೆ.

"ಮೊದಲು ಇದು ತಿರುಗಲಿ, ಆಮೇಲೆ ಮಾತಾಡೋಣ" ಎಂದಳು ಚಿಕ್ಕಮ್ಮ. ಆದರೆ ನೆರೆಮನೆಯವರು ಬಂದು ನೋಡುವಾಗ ಸೆರಗಿನಿಂದ ಅದರ ಧೂಳು ಒರೆಸಿದವಳೂ ಅವಳೇ.

ಮುಂದಿನ ತಿಂಗಳೆಲ್ಲ ಚಿಕ್ಕಪ್ಪ ಅಂಗಡಿಯಿಂದ ಬಂದವರೇ ನೇರ ಬಚ್ಚಲಮನೆಗೆ ಹೋಗುತ್ತಿದ್ದರು. ಹರಿದ ಬೆಲ್ಟಿನ ಜಾಗಕ್ಕೆ ಚರ್ಮದ ಪಟ್ಟಿ ಹೊಲಿಸಿ ಹಾಕಿದರು. ಸೋರುವ ತಳಕ್ಕೆ ಬೆಸುಗೆ ಹಾಕಿದರು. ಮೋಟಾರಿನೊಳಗೆ ಇಲಿ ಕಟ್ಟಿದ್ದ ಗೂಡನ್ನು ಚಿಮುಟದಲ್ಲಿ ಎಳೆದು ತೆಗೆದರು. ಇದೆಲ್ಲ ನಿಜವಾಗಿಯೂ ಚೆನ್ನಾಗಿಯೇ ಮಾಡಿದ್ದರು. ನ್ಯಾಯವಾಗಿ ಹೇಳಬೇಕು. ಕೊನೆಗೆ ಉಳಿದದ್ದು ಪ್ಲಗ್ಗು. ಆ ದೇಶದ ಪ್ಲಗ್ಗು ನಮ್ಮ ಗೋಡೆಯ ಮೂರು ತೂತಿಗೆ ಕೂರುವಂಥದ್ದಲ್ಲ. ಅದನ್ನು ಕತ್ತರಿಸಿ ಹಾಕಿ, ಗಾಂಧಿ ಬಜಾರಿನಿಂದ ಹೊಸದೊಂದು ತಂದು, ಸಿಪ್ಪೆ ಸುಲಿದ ಮೂರು ತಂತಿಗಳನ್ನು ಮುಂದಿಟ್ಟುಕೊಂಡು ಶನಿವಾರ ಸಂಜೆ ಕೂತರು. ಒಂದು ಕೆಂಪು, ಒಂದು ಕಪ್ಪು, ಒಂದು ಬೂದು.

"ಕೆಂಪು ಕರೆಂಟು, ಕಪ್ಪು ವಾಪಸು ಹೋಗೋದು. ಇದು ಊರಿಗೇ ಗೊತ್ತು. ಉಳಿದಿದ್ದು ಬೂದು. ಅದು ಅರ್ಥು" ಎಂದರು.

"ಹೇಗೆ ಹೇಳ್ತೀರಿ ಚಿಕ್ಕಪ್ಪ?"

"ವಿಭೂತಿ ಬಣ್ಣ ಕಣಮ್ಮ ವಿಶಾಲೂ. ಅದಲ್ಲದೆ ಭೂಮಿಗೆ ಸೇರೋದು ಇನ್ನೇನಿದೆ?"

ನಾನು ಒಳಗೆ ಹೋಗಿ ಟಾರ್ಚಿನ ಒಂದು ಸೆಲ್ಲು, ಸಣ್ಣ ಬಲ್ಬು, ಎರಡು ತುಂಡು ತಂತಿ ತಂದೆ. ಕಾಲೇಜಿನ ಲ್ಯಾಬಿನಲ್ಲಿ ನಮಗೆ ಮೊದಲ ವಾರ ಹೇಳಿಕೊಟ್ಟದ್ದು ಇದೇ. ಒಂದು ತುದಿಯನ್ನು ಡ್ರಮ್ಮಿನ ಕಬ್ಬಿಣಕ್ಕೆ ಒತ್ತಿ, ಇನ್ನೊಂದನ್ನು ಒಂದೊಂದಾಗಿ ಮೂರು ತಂತಿಗೂ ಮುಟ್ಟಿಸಿದೆ. ಕಪ್ಪಿಗೆ ಬಲ್ಬು ಹತ್ತಲಿಲ್ಲ. ಬೂದಿಗೂ ಹತ್ತಲಿಲ್ಲ. ಕೆಂಪಿಗೆ ಮುಟ್ಟಿಸಿದಾಗ ಹತ್ತಿತು.

"ನೋಡಿ, ಕೆಂಪು ತಂತಿ ಡ್ರಮ್ಮಿನ ಮೈಗೇ ಸೇರಿದೆ. ಆ ದೇಶದವರಿಗೆ ಕೆಂಪೇ ಅರ್ಥು ಇರಬೇಕು. ಅದಕ್ಕೆ ಕರೆಂಟು ಕೊಟ್ರೆ ಡ್ರಮ್ಮಿಗೆಲ್ಲ ಕರೆಂಟು ಬರತ್ತೆ."

ಚಿಕ್ಕಪ್ಪ ಬಲ್ಬನ್ನು ನೋಡಿದರು. ನನ್ನನ್ನು ನೋಡಿದರು. ಆಮೇಲೆ ಕೆನ್ನೆ ಚಿವುಟಿ, "ಎಲ್ಲಾ ಕಬ್ಬಿಣವೇ ತಾನೆ, ಎಲ್ಲಿ ಮುಟ್ಟಿಸಿದ್ರೂ ಹತ್ತತ್ತೆ. ಪುಸ್ತಕದ ಬದನೆಕಾಯಿ ಸಾರಿಗೆ ಬರಲ್ಲಮ್ಮ" ಎಂದರು. ಕೆಂಪನ್ನು ಕರೆಂಟಿನ ಕಡೆಗೆ ಬಿಗಿದು ಮುಚ್ಚಳ ಹಾಕಿದರು.

ನಾನು ಸುಮ್ಮನಾದೆ. ಅವರ ಮೇಲಿನ ಸಿಟ್ಟಿನ ಜೊತೆಗೆ ನನ್ನ ಮೇಲಿನ ಸಿಟ್ಟೂ ಇದೆಯಲ್ಲ, ಅದು ಶುರುವಾಗುವುದು ಇಲ್ಲಿಂದ. ಎರಡನೇ ಸಲ ಹೇಳಬೇಕಿತ್ತು. ಕೂಗಬೇಕಿತ್ತು. ಪ್ಲಗ್ಗನ್ನು ಕಿತ್ತು ಬಾವಿಗೆ ಎಸೆಯಬೇಕಿತ್ತು. ಹಿರಿಯರು ಒಂದು ಸಲ ನಕ್ಕರೆ ಮಾತು ಮುಗಿಯಿತು ಎಂದು ನನಗೆ ಯಾರು ಕಲಿಸಿದ್ದರೋ.

ಭಾನುವಾರ ಬೆಳಿಗ್ಗೆ ಮಿಷಿನ್ನಿಗೆ ವಿಭೂತಿ ಬಳಿದು ಹೂವು ಮುಡಿಸಿದ್ದಾಯಿತು. ಮೊದಲ ಬಟ್ಟೆಯಾಗಿ ಚಿಕ್ಕಮ್ಮ ತನ್ನ ಹಸಿರು ಸೀರೆಯನ್ನು ಹಾಕಿ ನೀರು ತುಂಬಿದಳು. ಚಿಕ್ಕಪ್ಪ ಸ್ವಿಚ್ಚು ಒತ್ತಿದರು. ತಿರುಗಲಿಲ್ಲ. ತಿರುಗುವುದಾದರೂ ಹೇಗೆ? ಮೋಟಾರಿಗೆ ಹೋಗಬೇಕಾದ ಕರೆಂಟೆಲ್ಲ ಡ್ರಮ್ಮಿನ ಮೈಮೇಲೆ ಸುಮ್ಮನೆ ಕೂತಿತ್ತು. ರಬ್ಬರಿನ ಚಕ್ರಗಳಿದ್ದುದರಿಂದ ಇಳಿಯಲು ದಾರಿ ಸಿಗದೆ ಯಾರಾದರೂ ಮುಟ್ಟುವುದನ್ನೇ ಕಾಯುತ್ತಿತ್ತು. ಚಿಕ್ಕಪ್ಪ ಹಾವುಗೆಯ ಮೇಲೆ ನಿಂತು ಬೆರಳ ಹಿಂಭಾಗದಿಂದ ಡ್ರಮ್ಮನ್ನು ತಟ್ಟಿದರು. ಏನೂ ಆಗಲಿಲ್ಲ.

"ಕರೆಂಟೇ ಬಂದಿಲ್ಲ. ಫ್ಯೂಸ್ ನೋಡ್ಬೇಕು" ಎನ್ನುತ್ತ, ಸ್ವಿಚ್ಚನ್ನು ಹಾಗೇ ಬಿಟ್ಟು, ಟಕ್ ಟಕ್ ಎಂದು ನಡುಮನೆಗೆ ಹೋದರು.

ನಾನು ಬಚ್ಚಲಮನೆಯ ಹೊಸ್ತಿಲ ಮೇಲೆ ಕೂತಿದ್ದೆ. ಸ್ವಿಚ್ಚು ಆರಿಸಬೇಕೆಂದು ನನಗೂ ಹೊಳೆಯಲಿಲ್ಲ. ತಿರುಗದ ಮಿಷಿನ್ನು ಸತ್ತ ಮಿಷಿನ್ನು ಎಂದು ಅವರಂತೆ ನಾನೂ ನಂಬಿದ್ದೆ. ಫಿಸಿಕ್ಸ್ ಓದುತ್ತಿದ್ದ ನಾನು! ಚಿಕ್ಕಮ್ಮ ಬರಿಗಾಲಲ್ಲಿ ಒದ್ದೆ ಕಲ್ಲಿನ ಮೇಲೆ ನಿಂತು ಹತ್ತು ನಿಮಿಷ ಕಾದಳು. "ಇದರ ಕಥೆ ಇವತ್ತಿಗೆ ಮುಗಿಯಲ್ಲ. ನನ್ನ ಸೀರೇನಾದ್ರೂ ಒಗೆದು ಹಾಕ್ತೀನಿ" ಎನ್ನುತ್ತ ಡ್ರಮ್ಮಿನ ಅಂಚು ಹಿಡಿದು ಬಗ್ಗಿದಳು.

ಗಲಗಲ ಎಂದು ಸದ್ದು ಬಂತು. ಮಿಷಿನ್ನು ತಿರುಗಿತು ಅಂದುಕೊಂಡೆ. ದೇವರಾಣೆಗೂ ಹಾಗೇ ಅಂದುಕೊಂಡೆ. ನಡುಮನೆಯಿಂದ ಚಿಕ್ಕಪ್ಪನೂ ಖುಷಿಯಿಂದ, "ತಿರುಗ್ತಾ? ತಿರುಗ್ತೇನೇ ನೀಲಾ?" ಎಂದು ಕೂಗಿದರು. ಅದು ಚಿಕ್ಕಮ್ಮನ ಕೈಯ ಗಾಜಿನ ಬಳೆಗಳು ಡ್ರಮ್ಮಿನ ಅಂಚಿಗೆ ಬಡಿಯುತ್ತಿದ್ದ ಸದ್ದು. ಅವಳ ಬಾಯಿ ತೆರೆದಿತ್ತು, ದನಿ ಬರುತ್ತಿರಲಿಲ್ಲ. ಹಿಡಿದ ಬೆರಳುಗಳು ಬಿಡುತ್ತಿರಲಿಲ್ಲ.

ಚಿಕ್ಕಪ್ಪ ಬಾಗಿಲಿಗೆ ಬಂದು ನೋಡಿದರು. ಹಾವುಗೆ ಮೆಟ್ಟಿ ಓಡಲಾಗುವುದಿಲ್ಲ. ಎರಡನ್ನೂ ಒದ್ದು ಬಿಸಾಡಿ, ಬರಿಗಾಲಲ್ಲಿ, ಎರಡೂ ಕೈ ಚಾಚಿ ಅವಳನ್ನು ಹಿಡಿಯಲು ನುಗ್ಗಿದರು. ಮುಟ್ಟಿದ್ದರೆ ಇಬ್ಬರೂ ಅಲ್ಲಿಯೇ ಅಂಟಿಕೊಂಡು ಉಳಿಯುತ್ತಿದ್ದರು. ನಾನು ಎದ್ದು ಅವರ ಎದೆಗೆ ಎರಡೂ ಕೈಯಿಟ್ಟು ನೂಕಿದೆ. ಅವರು ಹಿಂದಕ್ಕೆ ಹೋಗಿ ನೀರಿನ ಹಂಡೆಗೆ ಬಡಿದು ಕೂತರು. ತಿರುಗಿ ಸ್ವಿಚ್ಚು ಹೊಡೆದೆ. ಬಳೆಯ ಸದ್ದು ನಿಂತಿತು. ಚಿಕ್ಕಮ್ಮ ಬಿದ್ದಳು.

ಬದುಕಿದಳು. ಹಿಂದಿನ ಬೀದಿಯ ಡಾಕ್ಟರು ಬಂದು ಸುಟ್ಟ ಅಂಗೈಗೆ ಪಟ್ಟಿ ಕಟ್ಟಿ, "ಇನ್ನು ನಾಕು ಸೆಕೆಂಡ್ ಆಗಿದ್ರೆ ನನ್ನನ್ನ ಕರೆಸೋ ಕೆಲಸವೇ ಇರ್ತಿರ್ಲಿಲ್ಲ" ಎಂದರು. ಬಲಗೈಯ ಎರಡು ಬೆರಳು ಆಮೇಲೆ ಎಂದೂ ಪೂರ್ತಿ ಮಡಚಲು ಬರಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ನನ್ನ ಸಿಟ್ಟು ಇಷ್ಟು ದಿನ ಬಾಳುತ್ತಿರಲಿಲ್ಲ. ಮಾರನೆಯ ದಿನದಿಂದ ನೆಂಟರು ಬರತೊಡಗಿದರು. ಬಂದವರೆಲ್ಲರಿಗೂ ಒಂದೊಂದು ಕಾರಣ ಗೊತ್ತಿತ್ತು. ಕಣ್ಣುದೃಷ್ಟಿ. ಪರದೇಶದವರ ಮನೆಯ ಸಾಮಾನು. ಕೊರಳಲ್ಲಿದ್ದ ಲಿಂಗವೇ ಕಾಪಾಡಿತು. ಕೆಂಪು ತಂತಿಯ ಹೆಸರನ್ನು ಒಬ್ಬರೂ ಎತ್ತಲಿಲ್ಲ. ದೊಡ್ಡಬಳ್ಳಾಪುರದಿಂದ ಬಂದ ಚಿಕ್ಕಮ್ಮನ ಅಣ್ಣ ಸಿದ್ದಬಸಪ್ಪ ಮಾವ ಕಾಫಿ ಲೋಟ ಕೆಳಗಿಟ್ಟು ನನ್ನ ಕಡೆ ತಿರುಗಿದರು.

"ಏನಮ್ಮ, ಚಿಕ್ಕಪ್ಪನ ಎದೆಗೇ ಕೈ ಹಾಕಿ ಬೀಳಿಸಿದ್ಯಂತೆ? ಕಾಲೇಜಲ್ಲಿ ಇದನ್ನೇ ಹೇಳ್ಕೊಡ್ತಾರಾ?"

ನಾನು ಚಿಕ್ಕಪ್ಪನ ಮುಖ ನೋಡಿದೆ. ಒಂದೇ ಒಂದು ಮಾತು ಸಾಕಿತ್ತು. ಅವರು ನೆಲ ನೋಡುತ್ತ ಕೂತಿದ್ದರು. ಊರೆಲ್ಲ ಎದುರಾದಾಗ ನನ್ನ ಓದಿನ ಪರವಾಗಿ ನಿಂತ ಮನುಷ್ಯ, ಆ ಓದು ಅವರ ಹೆಂಡತಿಯ ಜೀವ ಉಳಿಸಿದ ಮೇಲೆ ಬಾಯಿ ಹೊಲಿದುಕೊಂಡು ಕೂತಿದ್ದರು. ಮಾವ ಮಾತ್ರ ನಿಲ್ಲಿಸಲಿಲ್ಲ. "ನಿಮಗೆ ಆಗಿಬರಲಿಲ್ಲ ಅಂದ್ರೆ ಆ ಮಿಷಿನ್ನು ನನಗೆ ಕೊಡಿ ಭಾವ. ನಮ್ಮೂರಲ್ಲಿ ನೀರು ಒಳ್ಳೇದು, ತಿರುಗಿದ್ರೂ ತಿರುಗೀತು" ಎಂದರು. ಚಿಕ್ಕಪ್ಪ ಅದಕ್ಕೂ ಹೂಂಗುಟ್ಟಿದರು.

ಮಿಷಿನ್ನನ್ನು ಪ್ಲಗ್ಗಿನ ಸಮೇತ ಸೌದೆ ಕೋಣೆಗೆ ನೂಕಿ ಬೀಗ ಹಾಕಿ, ಬೀಗದ ಕೈಯನ್ನು ಉಡಿದಾರಕ್ಕೆ ಸಿಕ್ಕಿಸಿಕೊಂಡರು. "ಪ್ಲಗ್ಗು ಬಿಚ್ಚಿಬಿಡೋಣ ಚಿಕ್ಕಪ್ಪ" ಎಂದರೆ, "ಅದರ ಸುದ್ದಿ ಎತ್ತಬೇಡ" ಎನ್ನುವರು. ನನ್ನ ನಿದ್ದೆ ಹಾರಿಹೋಯಿತು. ಕಣ್ಣು ಹತ್ತಿದರೆ ಬಳೆಯ ಸದ್ದು. ಗಡಿಯಾರ ಎಷ್ಟು ಹೊಡೆದರೂ ಒಂದು ಕಳೆದು ಎಣಿಸುತ್ತ ಮಲಗಿರುತ್ತಿದ್ದೆ. ದೊಡ್ಡಬಳ್ಳಾಪುರದ ಮನೆಯಲ್ಲಿ ಮಾವನ ಹೆಂಡತಿ ಇದ್ದರು, ಇಬ್ಬರು ಸೊಸೆಯರಿದ್ದರು. ಅವರಲ್ಲಿ ಯಾರ ಬಳೆ? ನಾನೊಬ್ಬಳೇ ಎಚ್ಚರವಾಗಿರಲಿಲ್ಲ. ಆಚೆ ಕೋಣೆಯಲ್ಲಿ ಚಿಕ್ಕಪ್ಪ ಎದ್ದು ಕೂರುವುದು, ಚಿಕ್ಕಮ್ಮ "ಏನೂ ಆಗಿಲ್ಲ, ಮಲಗ್ರೀ" ಎನ್ನುವುದು ಕೇಳಿಸುತ್ತಿತ್ತು. ಹಾವುಗೆಯ ಸದ್ದು ಮಾತ್ರ ಇರಲಿಲ್ಲ. ಆ ಭಾನುವಾರದಿಂದ ಅವರು ಅದನ್ನು ಮೆಟ್ಟಲಿಲ್ಲ. ಮನೆಯಲ್ಲಿ ಅವರು ಎಲ್ಲಿದ್ದಾರೆಂಬುದೇ ಗೊತ್ತಾಗುತ್ತಿರಲಿಲ್ಲ.

ಇಪ್ಪತ್ತೆರಡನೆಯ ದಿನ ಬೆಳಿಗ್ಗೆ ಮಾವ ತಳ್ಳುಗಾಡಿಯವನನ್ನು ಕರೆದುಕೊಂಡು ಬಂದರು. ಮಿಷಿನ್ನನ್ನು ರೈಲಿಗೆ ಹಾಕಿಸುವ ಏರ್ಪಾಡು. ಹೊರಡಬೇಕಾದರೆ ಬೀಗ ತೆಗೆಯಬೇಕಲ್ಲ. ನಾನು ಸೌದೆ ಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ.

"ಆ ಪ್ಲಗ್ಗು ಬಿಚ್ಚದೆ ಇದು ಗಾಡಿ ಹತ್ತೋ ಹಾಗಿಲ್ಲ."

"ಇವಳ್ಯಾರು ಹೇಳೋಕೆ? ಭಾವ, ನೋಡಿ ನಿಮ್ಮ ಸೈನ್ಸು ಹುಡುಗೀನ! ಮೊದಲು ನಿಮ್ಮನ್ನ ನೂಕಿದ್ಲು, ಈಗ ನನ್ನನ್ನ ನೂಕ್ತಾಳೆ."

"ಅಗತ್ಯ ಬಿದ್ರೆ ನೂಕ್ತೀನಿ ಮಾವ" ಎಂದೆ.

ಚಿಕ್ಕಪ್ಪ ಯಾವಾಗ ಬಂದರೋ, ಸದ್ದಿಲ್ಲದೆ ಹಿತ್ತಲಿನ ಕಲ್ಲಿನ ಮೇಲೆ ಬರಿಗಾಲಲ್ಲಿ ನಿಂತಿದ್ದರು. ಒಂದು ಕೈಯಲ್ಲಿ ಬೀಗದ ಕೈ, ಇನ್ನೊಂದರಲ್ಲಿ ಸ್ಕ್ರೂಡ್ರೈವರು. ಎರಡನ್ನೂ ನನ್ನ ಕೈಗೆ ಕೊಟ್ಟರು.

"ನಾನು ಮುಚ್ಚಿದ್ದನ್ನ ನೀನು ಬಿಚ್ಚು. ನಿನ್ನ ಬಲ್ಬೂ ತಾ."

ಪ್ಲಗ್ಗು ಬಿಚ್ಚಿದೆ. ಸೆಲ್ಲು, ಬಲ್ಬು, ತಂತಿಗಳನ್ನು ಅವರು ತಾವೇ ಹಿಡಿದುಕೊಂಡು ಮಂಡಿಯೂರಿ ಕೂತರು. ಡ್ರಮ್ಮಿಗೆ ಒಂದು ತುದಿ, ಕಪ್ಪಿಗೆ ಒಂದು. ಇಲ್ಲ. ಬೂದಿಗೆ. ಇಲ್ಲ. ಕೆಂಪಿಗೆ ಮುಟ್ಟಿಸಿದರು. ಹತ್ತಿತು. ಆ ಚಿಕ್ಕ ಬೆಳಕನ್ನು ಬಹಳ ಹೊತ್ತು ನೋಡಿದರು.

"ಅವತ್ತೂ ಹತ್ತಿತ್ತು" ಎಂದರು.

"ಹೂಂ ಚಿಕ್ಕಪ್ಪ. ಹತ್ತಿತ್ತು."

ಎದ್ದು ಮಾವನ ಕಡೆ ತಿರುಗಿದರು. "ಭಾವ, ದೃಷ್ಟಿಯೂ ಅಲ್ಲ, ದೆವ್ವವೂ ಅಲ್ಲ. ಈ ಕೆಂಪು ತಂತಿ. ಈ ಹುಡುಗಿ ಹಿಂದಿನ ದಿನವೇ ಹೇಳಿದ್ಲು, ಹೀಗೇ ತೋರಿಸಿದ್ಲು. ನಾನು ಕೆನ್ನೆ ಚಿವುಟಿ ಕಳಿಸಿದೆ. ಅವತ್ತು ಇವಳು ನೂಕದೆ ಇದ್ದಿದ್ರೆ ನೀವು ಬಂದಿದ್ದು ಎರಡು ಹೆಣ ನೋಡೋಕೆ. ನೀವು ಇವಳನ್ನ ಬೈತಿದ್ದಾಗ ನಾನು ಬಾಯಿ ಮುಚ್ಕೊಂಡು ಕೂತಿದ್ನಲ್ಲ, ಆ ಪಾಪವೂ ನನ್ನದೇ. ಗಾಡಿಯವನನ್ನ ಕಳಿಸಿ. ಮಿಷಿನ್ನು ಎಲ್ಲೂ ಹೋಗಲ್ಲ."

ಮೂರು ತಂತಿಯನ್ನೂ ನಾನೇ ಕಟ್ಟಿದೆ. ಕೆಂಪು ಅರ್ಥಿಗೆ. ಚಿಕ್ಕಮ್ಮ ಪಟ್ಟಿ ಕಟ್ಟಿದ ಕೈಯನ್ನು ಎದೆಗೆ ಒತ್ತಿಕೊಂಡು ಬಾಗಿಲ ಆಚೆಯೇ ನಿಂತಿದ್ದಳು. "ಸರಿಯಾಗಿ ಕಟ್ಟಿದ್ಯೇನೇ ವಿಶಾಲೂ?" ಎಂದಳು. "ಹೂಂ" ಎಂದೆ. "ಹಾಗಾದ್ರೆ ಹಾಕು." ಹಾಕಿದೆ. ಒಂದು ಸಲ ಗೊರಕೆ ಹೊಡೆದು ತಿರುಗಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಆ ಮಿಷಿನ್ನು ಮುಂದೆ ಬಹಳ ವರ್ಷ ನಮ್ಮ ಮನೆಯಲ್ಲಿ ನಡೆಯಿತು. ಅದಕ್ಕೊಂದು ಪದ್ಧತಿ ಬೆಳೆದುಬಿಟ್ಟಿತ್ತು. ಬಟ್ಟೆ ತೆಗೆಯುವ ಹೊತ್ತಿಗೆ ಚಿಕ್ಕಪ್ಪ ಗೋಡೆಯಿಂದ ಪ್ಲಗ್ಗು ಕಿತ್ತು, ಚಿಕ್ಕಮ್ಮನ ಕಣ್ಣಿಗೆ ಕಾಣುವ ಹಾಗೆ ಮುಷ್ಟಿಯಲ್ಲಿ ಎತ್ತಿ ಹಿಡಿದು ನಿಲ್ಲುವರು. "ನೀಲಾ, ಪ್ಲಗ್ಗು ನನ್ನ ಕೈಲಿದೆ. ತೆಗೀ" ಎನ್ನುವರು. ಕೊನೆಯ ಬಟ್ಟೆ ಬರುವವರೆಗೂ ಆ ಕೈ ಇಳಿಸುತ್ತಿರಲಿಲ್ಲ. ಅಂಗಡಿಗೆ ಹೊತ್ತಾದರೂ ಇಲ್ಲ, ಮನೆಗೆ ಯಾರು ಬಂದು ಕೂತಿದ್ದರೂ ಇಲ್ಲ. ಮದುವೆಯಾಗಿ ಬೇರೆ ಊರಿಗೆ ಹೋದ ಮೇಲೆ ಕೊನೆಯ ಸಲ ನಾನು ಅವರನ್ನು ಕಂಡದ್ದೂ ಹಾಗೆಯೇ, ಕೈಯೆತ್ತಿ ನಿಂತ ಭಂಗಿಯಲ್ಲಿ. ಮಾತಾಡಿಸಿದರೆ, "ಇರಮ್ಮ, ಇನ್ನೊಂದು ಪಂಚೆ ಬಾಕಿ ಇದೆ" ಎಂದರು.

ಅವರು ಹೋದ ಮೇಲೆ ನಡೆದ ಗಣಾರಾಧನೆಯ ಊಟದ ಪಂಕ್ತಿಯಲ್ಲಿ ಸಿದ್ದಬಸಪ್ಪ ಮಾವ ಪಕ್ಕದವರಿಗೆ ಹೇಳುತ್ತಿದ್ದರು: "ಪುಣ್ಯಾತ್ಮ. ಜೀವಮಾನದಲ್ಲಿ ಒಂದ್ಸಲನೂ ಅವರಿಗೆ ಕರೆಂಟು ಹೊಡೀಲಿಲ್ಲ ಕಣ್ರೀ." ಎಲೆಯ ಮುಂದೆ ಕೂತವಳಿಗೆ ಹಳೆಯ ಸಿಟ್ಟು ನೆತ್ತಿಗೇರಿತು. ಅದು ಪುಣ್ಯವಲ್ಲ, ಹೊನ್ನೆ ಮರ ಎಂದು ಕೂಗಿ ಹೇಳಬೇಕೆನಿಸಿತು. ಹೇಳಿದೆ ಕೂಡ. ಎರಡು ಸಲ ಹೇಳಿದೆ.

ಆದರೆ ಅವರನ್ನು ನೆನೆದಾಗ ನನ್ನ ಮನಸ್ಸು ಹೋಗಿ ನಿಲ್ಲುವುದು ಅಲ್ಲಲ್ಲ, ಆ ಇಪ್ಪತ್ತೆರಡನೆಯ ದಿನದ ಮಾರನೆಯ ಬೆಳಗಿನಲ್ಲಿ. ಕಣ್ಣು ಬಿಟ್ಟಾಗ ಕಿಟಕಿಯಲ್ಲಿ ಬೆಳಕಿತ್ತು. ಆಚೆ ಕೋಣೆಯಿಂದ ಚಿಕ್ಕಪ್ಪನ ಗೊರಕೆ ಒಂದೇ ಸಮನೆ ಬರುತ್ತಿತ್ತು. ಗಡಿಯಾರ ಏಳು ಹೊಡೆಯಿತು. ಒಂದು ಕಳೆದೆ. ಆರು. ಹನ್ನೆರಡು, ಒಂದು, ಎರಡು, ಮೂರು ಯಾವಾಗ ಹೊಡೆದು ಹೋಗಿದ್ದವೋ ನನಗೆ ಗೊತ್ತೇ ಇರಲಿಲ್ಲ.